ಎಲ್ಲೆ ತುಳಿದು ಉಳಿಸಿಕೊಂಡ ನೆಲ: ಲ್ಯಾಂಗಮ್ ಮತ್ತು ಎಸ್ಕ್ ಕಣಿವೆ

ಎಸ್ಕ್ ನದಿಗೆ ಒಂದು ಕಡೆಯಿಂದ ಯೂಸ್ ಹೊಳೆ, ಇನ್ನೊಂದು ಕಡೆಯಿಂದ ವಾಕಪ್ ಹೊಳೆ ಬಂದು ಕೂಡುವ ತಗ್ಗಿನಲ್ಲಿ ಲ್ಯಾಂಗಮ್ ಎಂಬ ಪುಟ್ಟ ಪಟ್ಟಣವಿದೆ. ದಕ್ಷಿಣ ಸ್ಕಾಟ್ಲೆಂಡಿನ ಡಂಫ್ರೀಸ್‌ಶೈರ್‌ಗೆ ಸೇರಿದ ಊರು. ಇಂಗ್ಲೆಂಡಿನ ಗಡಿ ಇಲ್ಲಿಂದ ಸುಮಾರು ಎಂಟು ಮೈಲಿ. ಸುತ್ತಲೂ ಹುಲ್ಲು ಮತ್ತು ಹೆದರ್ ಪೊದೆ ಹೊದ್ದ ಬೋಳುಗುಡ್ಡಗಳು. ಪೂರ್ವಕ್ಕೆ 355 ಮೀಟರ್ ಎತ್ತರದ ವಿಟಾ ಗುಡ್ಡ ಊರಿನ ನೆತ್ತಿಯ ಮೇಲೇ ಕೂತಂತಿದೆ. ಕಣಿವೆಯಲ್ಲಿ ಹಳೆಯ ಐದು ಪ್ಯಾರಿಷ್‌ಗಳು, ಅಂದರೆ ಚರ್ಚಿನ ಸರಹದ್ದುಗಳು: ನದಿಯ ಮೇಲ್ಭಾಗದಲ್ಲಿ ಎಸ್ಕ್‌ಡೇಲ್‌ಮ್ಯೂರ್, ಅದರ ಕೆಳಗೆ ವೆಸ್ಟರ್‌ಕರ್ಕ್, ಪಕ್ಕದ ಕಣಿವೆಯಲ್ಲಿ ಯೂಸ್, ನಡುವೆ ಲ್ಯಾಂಗಮ್, ಗಡಿಗೆ ತಾಗಿಕೊಂಡು ಕ್ಯಾನನ್‌ಬಿ.

ಇಲ್ಲಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿ ಹುಟ್ಟಿದ ಹೆಸರಾಂತರ ಪಟ್ಟಿಯಿಂದ ಶುರು ಮಾಡುತ್ತಾರೆ. ಪಟ್ಟಿ ದೊಡ್ಡದೇ, ಅದಕ್ಕೂ ಬರೋಣ. ಆದರೆ ಈ ಊರಿನ ಐದಾರು ಶತಮಾನಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಒಂದೇ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ: ಈ ನೆಲ ಯಾರದು, ಅದರ ಎಲ್ಲೆ ಎಲ್ಲಿ, ಆ ಎಲ್ಲೆಯನ್ನು ಕಾಯುವವರು ಯಾರು? ಕತ್ತಿಯಿಂದ, ಕೋರ್ಟಿನಿಂದ, ಕೊನೆಗೆ ಚಂದಾ ಎತ್ತಿದ ಹಣದಿಂದ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಸಿಕ್ಕಿದೆ.

ಮೊದಲ ದೊಡ್ಡ ಉತ್ತರ ಬಂದದ್ದು 1455ರ ಮೇ 1ರಂದು. ಆಗಿನ ಸ್ಕಾಟ್ಲೆಂಡಿನಲ್ಲಿ ರಾಜನಿಗೇ ಸವಾಲಾಗಿದ್ದ ಕಪ್ಪು ಡಗ್ಲಸ್ ಮನೆತನವನ್ನು ರಾಜಪಕ್ಷದ ಪಡೆ ಸೋಲಿಸಿದ್ದು ಇದೇ ಹೊಳೆ ಕೂಡುವ ಜಾಗದಲ್ಲಿ, ಆರ್ಕಿನ್‌ಹೋಮ್ ಕದನದಲ್ಲಿ. ಆ ಮನೆತನದ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಸತ್ತ, ಒಬ್ಬ ಸೆರೆಸಿಕ್ಕು ಶಿರಚ್ಛೇದಕ್ಕೊಳಗಾದ, ಒಬ್ಬ ಇಂಗ್ಲೆಂಡಿಗೆ ಓಡಿದ. ದೊಡ್ಡ ಪಾಳೇಗಾರರು ಹೋದ ಮೇಲೆ ಗಡಿನಾಡು ಸಣ್ಣ ಸಣ್ಣ ಮನೆತನಗಳ ಕೈಗೆ ಬಿತ್ತು. ಆರ್ಮ್‌ಸ್ಟ್ರಾಂಗ್, ಎಲಿಯಟ್, ಗ್ರಹಾಂ, ಮ್ಯಾಕ್ಸ್‌ವೆಲ್, ಜಾನ್‌ಸ್ಟನ್. ಇವರ ಕಸುಬಿನಲ್ಲಿ ಬೇಸಾಯಕ್ಕಿಂತ ದನಗಳ್ಳತನದ ಪಾಲು ಹೆಚ್ಚು.

ಆ ಕಳ್ಳತನ ಮನಬಂದಂತೆ ನಡೆಯುತ್ತಿರಲಿಲ್ಲ, ಅದಕ್ಕೊಂದು ಕಾಲ, ಕ್ರಮ ಇತ್ತು. ಬೇಸಿಗೆ ಮುಗಿದು ರಾತ್ರಿ ಉದ್ದವಾದಾಗ, ದನ ಮೇದು ಕೊಬ್ಬಿದಾಗ, ನೆಲ ಇನ್ನೂ ಕುದುರೆ ಓಡುವಷ್ಟು ಗಟ್ಟಿಯಾಗಿದ್ದಾಗ ದಾಳಿ. ದನ ಕಳೆದುಕೊಂಡವನಿಗೂ ಕಾನೂನು ಒಂದು ದಾರಿ ಕೊಟ್ಟಿತ್ತು. ಆರು ದಿನದೊಳಗೆ ಬೆನ್ನಟ್ಟಿದರೆ ಗಡಿ ದಾಟಿಯೂ ಹೋಗಬಹುದು, ಎದುರಾದವರೆಲ್ಲ ಅವನಿಗೆ ನೆರವಾಗಬೇಕು. ಷರತ್ತು ಒಂದೇ: ಗುಟ್ಟಾಗಿ ಹೋಗುವಂತಿಲ್ಲ. ಬೇಟೆನಾಯಿ ಜೊತೆಗಿರಬೇಕು, ಕೊಂಬು ಊದಬೇಕು, ಈಟಿಯ ತುದಿಗೆ ಉರಿಯುವ ಪೀಟ್ ಹೆಂಟೆ ಸಿಕ್ಕಿಸಿಕೊಂಡಿರಬೇಕು. ಪೀಟ್ ಎಂದರೆ ಜೌಗಿನಲ್ಲಿ ಸಾವಿರಾರು ವರ್ಷ ಕೊಳೆಯದೆ ಒತ್ತಿಕೊಂಡ ಪಾಚಿ, ಹುಲ್ಲು, ಬೇರುಗಳ ಕಪ್ಪುಮಣ್ಣು. ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಮರ ಕಡಿಮೆಯಿರುವ ಈ ಗುಡ್ಡಗಳಲ್ಲಿ ಒಲೆ ಉರಿದದ್ದೇ ಅದರಿಂದ.

ಕ್ಯಾನನ್‌ಬಿ ಬಳಿ ಇಂದಿಗೂ ನಿಂತಿರುವ ಗಿಲ್ನಾಕಿ ಗೋಪುರವನ್ನು ನೋಡಿದರೆ ಆ ಕಾಲದ ಬದುಕು ಹೇಗಿತ್ತೆಂದು ತಿಳಿಯುತ್ತದೆ. ಹದಿನಾರನೇ ಶತಮಾನದ ಕಟ್ಟಡ. ಗೋಡೆಯ ದಪ್ಪ ಸುಮಾರು ಆರು ಅಡಿ. ನೆಲ ಅಂತಸ್ತಿಗೆ ಕಲ್ಲಿನ ಕಮಾನು ಚಾವಣಿ, ಏಕೆಂದರೆ ಕೆಳಗೆ ಬೆಂಕಿಯಿಟ್ಟರೆ ಮೇಲಿನ ಮರದ ಅಟ್ಟಕ್ಕೆ ಹತ್ತಬಾರದು. ಮೇಲಕ್ಕೆ ಹೋಗಲು ಒಬ್ಬರೇ ಹತ್ತಬಹುದಾದ ಸುರುಳಿ ಮೆಟ್ಟಿಲು. ಚಾವಣಿಯ ತುದಿಯಲ್ಲಿ ಸುದ್ದಿಬೆಂಕಿ ಹಚ್ಚಲು ಕಲ್ಲಿನ ಗೂಡು. ಇಂಥ ಗೋಪುರದವರಿಗೆ ನಿಜವಾದ ಭಯ ಮದ್ದಿನದು. ಒಂದೆರಡು ಪೀಪಾಯಿ ಮದ್ದು ಒಳಗಿಟ್ಟು ಉಡಾಯಿಸಿದರೆ ಆರಡಿ ಗೋಡೆಯೂ ಉಳಿಯದು. ಅದಕ್ಕೆ ಗಡಿನಾಡಿನವರು ಕಂಡುಕೊಂಡ ಉಪಾಯ ಇದು: ದೊಡ್ಡ ಸೈನ್ಯ ಬರುತ್ತಿದೆ ಎಂದು ಗೊತ್ತಾದರೆ ಬೆಲೆಬಾಳುವುದನ್ನೆಲ್ಲ ಹೊತ್ತೊಯ್ದು, ಗೋಪುರದೊಳಗೆ ಪೀಟ್ ತುಂಬಿ, ಕಿಚ್ಚು ಹಚ್ಚಿ ಗುಡ್ಡ ಸೇರುವುದು. ಪೀಟ್ ಜ್ವಾಲೆಯೆದ್ದು ಉರಿದು ಮುಗಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಕೆಂಡವಾಗಿ ಕನಲುತ್ತದೆ. ಆ ಕೆಂಡದ ಮೇಲೆ ಮದ್ದಿನ ಪೀಪಾಯಿ ಇಡುವ ಧೈರ್ಯ ಯಾರಿಗಿದೆ? ಸೈನ್ಯ ಹೋದ ಮೇಲೆ ಬಂದು ಬೂದಿ ತೆಗೆದು, ಅಟ್ಟ ಹಾಕಿಸಿ, ಮತ್ತೆ ಸಂಸಾರ.

ಎಸ್ಕ್ ಮತ್ತು ಸಾರ್ಕ್ ನದಿಗಳ ನಡುವೆ ಸುಮಾರು ಹತ್ತು ಮೈಲಿ ಉದ್ದದ ಒಂದು ಪಟ್ಟಿ ಎರಡೂ ರಾಜ್ಯಗಳಿಗೆ ಸೇರದ ವಿವಾದದ ನೆಲವಾಗಿತ್ತು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಎರಡೂ ಕಡೆಯವರು ಅಲ್ಲಿ ದನ ಮೇಯಿಸಬಹುದು. ಮನೆ ಕಟ್ಟುವಂತಿಲ್ಲ, ಉಳುವಂತಿಲ್ಲ, ರಾತ್ರಿ ಬಿಟ್ಟ ದನ ಸಿಕ್ಕಿದವರ ಪಾಲು. ಕಾಗದದ ಮೇಲೆ ಸರಿಯಾಗಿ ಕಾಣುವ ಈ ಏರ್ಪಾಡು ಕೆಟ್ಟದ್ದು ಆರ್ಮ್‌ಸ್ಟ್ರಾಂಗ್, ಗ್ರಹಾಂ ಮನೆತನಗಳು ಅಲ್ಲೇ ಗೋಪುರ ಕಟ್ಟಿ ನೆಲೆಯೂರಿದಾಗ. ಯಾವ ರಾಜ್ಯಕ್ಕೂ ಸೇರದ ಜಾಗದಲ್ಲಿ ಅವರನ್ನು ಯಾವ ಕೋರ್ಟಿಗೆ ಎಳೆಯುವುದು? 1530ರಲ್ಲಿ ಸ್ಕಾಟ್ಲೆಂಡಿನ ರಾಜ ಐದನೇ ಜೇಮ್ಸ್ ಸೈನ್ಯ ಸಮೇತ ಬಂದು, ಗಿಲ್ನಾಕಿಯ ಜಾನಿ ಆರ್ಮ್‌ಸ್ಟ್ರಾಂಗ್‌ನನ್ನು ಅವನ ಸಂಗಡಿಗರೊಂದಿಗೆ ಕಾರ್ಲನ್‌ರಿಗ್‌ನಲ್ಲಿ ಗಲ್ಲಿಗೇರಿಸಿದ. ದನಗಳ್ಳತನ ಅದರಿಂದ ನಿಲ್ಲಲಿಲ್ಲ. ಕೊನೆಗೆ 1552ರಲ್ಲಿ ಫ್ರಾನ್ಸಿನ ರಾಯಭಾರಿಯ ಮಧ್ಯಸ್ಥಿಕೆಯಲ್ಲಿ ಪಟ್ಟಿಯನ್ನು ಸೀಳಿದರು. ಮೂರೂವರೆ ಮೈಲಿ ಉದ್ದಕ್ಕೆ ಅಕ್ಕಪಕ್ಕ ಎರಡು ಕಂದಕ ತೋಡಿ, ಎರಡರ ಮಣ್ಣನ್ನೂ ನಡುವೆ ಏರಿ ಹಾಕಿದರು. ಸ್ಕಾಟ್ಸ್ ಡೈಕ್ ಎಂಬ ಆ ಬದುವಿನ ಗುರುತು ಮರಗಳ ನಡುವೆ ಈಗಲೂ ಅಲ್ಲಲ್ಲಿ ಉಳಿದಿದೆ. 1603ರಲ್ಲಿ ಎರಡೂ ರಾಜ್ಯಗಳಿಗೆ ಒಬ್ಬನೇ ರಾಜನಾದ ಮೇಲೆ ಗಡಿಯೇ ಅರ್ಥ ಕಳೆದುಕೊಂಡಿತು. ಆಮೇಲೆ ನಡೆದದ್ದು ನೇಣು ಮತ್ತು ಗಡೀಪಾರು. ಗ್ರಹಾಂ ಮನೆತನದ ಅನೇಕರನ್ನು ಐರ್ಲೆಂಡಿಗೆ ಸಾಗಿಸಿದರು.

ಲ್ಯಾಂಗಮ್ ಊರಾಗಿ ಬೆಳೆಯಲು ಶುರುವಾದದ್ದು ಈ ನೆತ್ತರು ಆರಿದ ಮೇಲೆ. 1621ರಲ್ಲಿ ಅದಕ್ಕೆ ಸಂತೆ, ಜಾತ್ರೆ ನಡೆಸುವ ಪಟ್ಟಣದ ಸನ್ನದು ಸಿಕ್ಕಿತು. ಆಗ ಒಡೆಯರು ಮ್ಯಾಕ್ಸ್‌ವೆಲ್ ಮನೆತನದವರು. ಅದೇ ಶತಮಾನದಲ್ಲಿ ನೆಲದ ಬಹುಪಾಲು ಬಕ್ಲೂ ಮನೆತನಕ್ಕೆ ಹೋಯಿತು, ಮುಂದಿನ ಮುನ್ನೂರು ಚಿಲ್ಲರೆ ವರ್ಷ ಅವರದೇ. ಸ್ಟೇಪಲ್‌ಗಾರ್ಟನ್, ವಾಕಪ್ ಎಂಬ ಹಳೆಯ ಪ್ಯಾರಿಷ್‌ಗಳನ್ನೂ ಮಾರ್ಟನ್‌ನ ಒಂದು ಭಾಗವನ್ನೂ ಕೂಡಿಸಿ 1703ರಲ್ಲಿ ಲ್ಯಾಂಗಮ್ ಪ್ಯಾರಿಷ್ ಮಾಡಿದರು. ಎಸ್ಕ್‌ಡೇಲ್‌ಮ್ಯೂರನ್ನು ವೆಸ್ಟರ್‌ಕರ್ಕ್‌ನಿಂದ ಬೇರ್ಪಡಿಸಿದ್ದೂ ಆಗಲೇ. ಸ್ಕಾಟ್ಲೆಂಡಿನ ಪ್ಯಾರಿಷ್ ಎಂದರೆ ಬರಿಯ ಚರ್ಚಿನ ಸರಹದ್ದು ಅಲ್ಲ. ಬಡವರ ಪೋಷಣೆ ಅದರ ಹೊಣೆ. 1696ರ ಶಾಸನದ ಪ್ರಕಾರ ಪ್ರತಿ ಪ್ಯಾರಿಷ್‌ನಲ್ಲೂ ಶಾಲೆ ಇರಬೇಕು, ಕಟ್ಟಡಕ್ಕೂ ಮೇಷ್ಟರ ಸಂಬಳಕ್ಕೂ ಅಲ್ಲಿನ ಭೂಮಾಲೀಕರು ಹಣ ಕೊಡಬೇಕು. ಈ ಕಣಿವೆಯ ಕುರಿಕಾಯುವವರ ಮಕ್ಕಳು ಓದು ಕಲಿತದ್ದರ ಹಿಂದೆ ಈ ಒಂದು ಸಾಲಿನ ಕಾನೂನಿದೆ.

ಈಗ 1759ಕ್ಕೆ ಬರೋಣ. ಈ ಬರಹದ ತಿರುಳೇ ಅದು.

ಊರಿನ ಪಕ್ಕದಲ್ಲಿ ನಮ್ಮ ಗೋಮಾಳದಂಥ ಸಾಮಾನ್ಯ ನೆಲ ಇತ್ತು: ನದಿಯಂಚಿನ ಕಿಲ್ನ್‌ಗ್ರೀನ್ ಎಂಬ ಬಯಲು, ವಿಟಾ ಗುಡ್ಡದ ಕಡೆಗೆ ಕಾಮನ್ ಮಾಸ್ ಎಂಬ ಜೌಗು. ಪೀಟ್ ಕಡಿಯುವುದು, ಕೊಟ್ಟಿಗೆಗೆ ಹಾಸಲು ಜರೀಗಿಡ ಕೊಯ್ಯುವುದು, ಕಲ್ಲು ತೆಗೆಯುವುದು ಎಲ್ಲ ಅಲ್ಲಿ. 1695ರ ಒಂದು ಸ್ಕಾಟಿಷ್ ಶಾಸನ ಇಂಥ ಸಾಮಾನ್ಯ ನೆಲಗಳನ್ನು ಅಕ್ಕಪಕ್ಕದ ಭೂಮಾಲೀಕರು ಕೋರ್ಟಿನ ಮೂಲಕ ಹಂಚಿಕೊಳ್ಳಲು ಬಾಗಿಲು ತೆರೆದಿತ್ತು. ಮುಂದಿನ ಒಂದೂವರೆ ಶತಮಾನದಲ್ಲಿ ಸ್ಕಾಟ್ಲೆಂಡಿನ ಸಾಮಾನ್ಯ ನೆಲದ ಬಹುಪಾಲು ಹೀಗೆ ಕರಗಿಹೋಯಿತು. ಗುಡಿಸಲಿನವನ ಬಳಿ ಕಾಗದಪತ್ರ ಇರಲಿಲ್ಲ, ಹಂಚಿಕೆಯಲ್ಲಿ ಪಾಲೂ ಸಿಗಲಿಲ್ಲ. ಆದರೆ ಆ ಶಾಸನದಲ್ಲೇ ಒಂದು ವಿನಾಯಿತಿ ಇತ್ತು: ಅನುಕೂಲವಾಗಿ ಹಂಚಲಾಗದ ಪೀಟ್ ಜೌಗುಗಳು ಸಾಮಾನ್ಯವಾಗಿಯೇ ಉಳಿಯಬೇಕು, ಅವಕ್ಕೆ ಹೋಗಿಬರುವ ದಾರಿಯೂ ಇರಬೇಕು. ಲ್ಯಾಂಗಮ್ ಸುತ್ತಲಿನ ಭೂಮಾಲೀಕರ ತಕರಾರು ಎಡಿನ್‌ಬರೋದ ಕೋರ್ಟ್ ಆಫ್ ಸೆಶನ್‌ವರೆಗೆ ಹೋಗಿ 1759ರಲ್ಲಿ ತೀರ್ಮಾನವಾದಾಗ ಕಾಮನ್ ಮಾಸ್‌ನ ಭಾಗಗಳು ಮತ್ತು ಕಿಲ್ನ್‌ಗ್ರೀನ್ ಊರವರ ಪಾಲಿಗೆ ಉಳಿದವು.

ತೀರ್ಪು ಬಂದ ಮಾತ್ರಕ್ಕೆ ನೆಲ ಉಳಿಯುವುದಿಲ್ಲ. ಬೇಲಿಯಿಲ್ಲದ ಗುಡ್ಡದಲ್ಲಿ ಎಲ್ಲೆ ಎಂದರೆ ಕಲ್ಲುಗುಪ್ಪೆ, ಗುಂಡಿ, ಬದು ಇಷ್ಟೇ. ಗುಪ್ಪೆಯ ಕಲ್ಲನ್ನು ಯಾರೋ ಗೋಡೆಗೆ ಒಯ್ಯುತ್ತಾರೆ, ಜೌಗಿನಲ್ಲಿ ತೋಡಿದ ಗುಂಡಿ ನಾಲ್ಕು ವರ್ಷದಲ್ಲಿ ಪಾಚಿ ತುಂಬಿ ಮುಚ್ಚುತ್ತದೆ, ಪಕ್ಕದವನ ಕುರಿ ಒಂದು ವರ್ಷ ಈಚೆ ಮೇದರೆ ಮರುವರ್ಷ ಅದೇ ರೂಢಿ. ಆದ್ದರಿಂದ ವರ್ಷಕ್ಕೊಮ್ಮೆ ಎಲ್ಲೆಯನ್ನು ಸುತ್ತಿ, ಗುರುತುಗಳನ್ನು ಹೊಸದು ಮಾಡಿ, ಎಲ್ಲರ ಕಿವಿಗೂ ಬೀಳುವಂತೆ ಹಕ್ಕನ್ನು ಸಾರಬೇಕಿತ್ತು. ಆ ಕೆಲಸ ಮಾಡಿದವನು ಊರಿನ ಡಂಗುರದವ ಆರ್ಚಿಬಾಲ್ಡ್ ಬೀಟಿ. ಐವತ್ತಕ್ಕೂ ಹೆಚ್ಚು ವರ್ಷ ಅವನು ಈ ಎಲ್ಲೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದ, ಜಾತ್ರೆಯಲ್ಲಿ ನಿಂತು ಸಾರಿದ. 1823ರಲ್ಲಿ ತೀರಿಕೊಂಡ. ಸೈನ್ಯಾಧಿಕಾರಿಗಳ ಪ್ರತಿಮೆಗಳಿರುವ ಈ ಕಣಿವೆಯಲ್ಲಿ ಊರಿಗೆ ಹೆಚ್ಚು ಉಪಕಾರ ಮಾಡಿದವನು ಅವನೇ ಎಂದು ಹೇಳಲು ನನಗೆ ಯಾವ ಅಳುಕೂ ಇಲ್ಲ.

1816ರ ಹೊತ್ತಿಗೆ ನಡಿಗೆ ಕುದುರೆ ಸವಾರಿಯಾಯಿತು. ಇಂದು ಅದು ಕಾಮನ್ ರೈಡಿಂಗ್ ಎಂಬ ಊರಹಬ್ಬ, ಪ್ರತಿವರ್ಷ ಜುಲೈ ತಿಂಗಳ ಕೊನೆಯ ಶುಕ್ರವಾರ. ಊರವರು ಒಬ್ಬ ಯುವಕನನ್ನು ಕಾರ್ನೆಟ್ ಎಂದು ಆರಿಸುತ್ತಾರೆ. ಊರಿನ ಬಾವುಟ ಹೊತ್ತು ಮುಂದೆ ಸಾಗುವವನು ಅವನೇ. ಹಿಂದಿನ ಎರಡು ವರ್ಷಗಳ ಕಾರ್ನೆಟ್‌ಗಳು ಅವನ ಎಡಬಲಕ್ಕೆ. ಕರ್ಕ್ ವೈಂಡ್ ಎಂಬ ಕಡಿದಾದ ಓಣಿಯಲ್ಲಿ ಕುದುರೆಗಳನ್ನು ನಾಗಾಲೋಟದಲ್ಲಿ ಗುಡ್ಡಕ್ಕೆ ಹತ್ತಿಸುತ್ತಾರೆ. ಎಲ್ಲೆಯ ಗೊತ್ತಾದ ಜಾಗಗಳಲ್ಲಿ ಸನಿಕೆಯಿಂದ ಹುಲ್ಲುಹೆಂಟೆ ಕಡಿದು ಮಗುಚಿ ಹೊಸ ಗುರುತು ಮಾಡುತ್ತಾರೆ. ಕ್ಯಾಸಲ್ ಕ್ರೇಗ್ಸ್ ಎಂಬ ಬಂಡೆಯ ಬಳಿ ಬಾರ್ಲಿ ರೊಟ್ಟಿ, ಉಪ್ಪು ಹಾಕಿದ ಹೆರಿಂಗ್ ಮೀನಿನ ಉಪಚಾರ.

ಮೆರವಣಿಗೆಯಲ್ಲಿ ಕೋಲಿನ ತುದಿಗೆ ಹೊತ್ತು ತರುವ ಲಾಂಛನಗಳು ನಾಲ್ಕು: ಹೆದರ್ ಸುತ್ತಿದ ಸನಿಕೆ, ಹೂವಿನ ಕಿರೀಟ, ದೊಡ್ಡ ಮುಳ್ಳಿನ ಥಿಸಲ್ ಗಿಡ, ಮತ್ತು ಮರದ ಹಲಗೆಗೆ ದಪ್ಪ ಮೊಳೆಯಿಂದ ಜಡಿದ ಬಾರ್ಲಿ ರೊಟ್ಟಿ, ಹೆರಿಂಗ್. ಸನಿಕೆ ಎಲ್ಲೆ ಕಡಿಯುವುದಕ್ಕೆ. ರೊಟ್ಟಿ, ಮೀನುಗಳು ಒಡೆಯನ ಹಕ್ಕಿನ ನೆನಪು ಎಂಬ ವಿವರಣೆಯಿದೆ: ಊರವರ ಧಾನ್ಯವೆಲ್ಲ ಅವನ ಗಿರಣಿಯಲ್ಲೇ ಬೀಸಬೇಕಿತ್ತು, ನದಿಯ ಮೀನೂ ಅವನದೇ. ಊರಿನ ಹಕ್ಕನ್ನು ಸಾರುವ ದಿನದಂದೇ ಒಡೆಯನ ಹಕ್ಕನ್ನೂ ಹಲಗೆಗೆ ಜಡಿದು ಹೊರುತ್ತಾರೆ ಎಂಬುದು ಗಮನಿಸಬೇಕಾದ ಮಾತು. ಇಲ್ಲಿ ಬಂಡಾಯವಿಲ್ಲ; ಇದು ನಿನ್ನದು, ಇದು ನಮ್ಮದು ಎಂಬ ಲೆಕ್ಕ ಇದೆ.

ಸಾರುವವನು ಕುದುರೆಯ ಬೆನ್ನಿನ ಮೇಲೆ ಎದ್ದುನಿಂತು, ಮುಂದೆ ಕೂತವನ ಭುಜ ಹಿಡಿದು ಕೂಗುತ್ತಾನೆ. ಭಾಷೆ ಹಳೆಯ ಸ್ಕಾಟ್ಸ್. ಸಾಮಾನ್ಯ ನೆಲದ ಎಲ್ಲೆಗಳನ್ನು ಹೇಳಿದ ಮೇಲೆ ಜಾತ್ರೆಯ ಕಟ್ಟಳೆ: ಜಗಳ ತೆಗೆದು ಗದ್ದಲ ಮಾಡಿದವನ ಕಿವಿಯನ್ನು ಸಂತೆಯ ತಕ್ಕಡಿ ಕಂಬಕ್ಕೆ ಮೊಳೆ ಹೊಡೆದು ನಿಲ್ಲಿಸಲಾಗುವುದು, ಅವನು ಮಂಡಿಯೂರಿ ರಾಜನಿಗಾಗಿ ಒಂಬತ್ತು ಸಲ, ಊರ ಒಡೆಯನಿಗಾಗಿ ಮೂರು ಸಲ ಪ್ರಾರ್ಥಿಸಿ ದಂಡ ಕಟ್ಟಿದರೆ ಬಿಡುಗಡೆ. ಸಂಜೆ ಬಾವುಟವನ್ನು ಊರಿಗೆ ಒಪ್ಪಿಸಿದ ಮೇಲೆಯೇ ಕಾರ್ನೆಟ್‌ನ ಹೊಣೆ ಮುಗಿಯುವುದು. ಗಡಿನಾಡಿನ ಬೇರೆ ಪಟ್ಟಣಗಳಲ್ಲೂ ಇಂಥ ಸವಾರಿಗಳಿವೆ. ಲ್ಯಾಂಗಮ್‌ನದು ಒಂದು ನಿರ್ದಿಷ್ಟ ಕೋರ್ಟ್ ತೀರ್ಪಿನಿಂದ ಹುಟ್ಟಿದ್ದು, ಅದೇ ಅದರ ವಿಶೇಷ.

ಅದೇ ಕಾಲದಲ್ಲಿ ಊರಿನ ಇನ್ನೊಂದು ದಡವೂ ಎದ್ದಿತು. 1778ರ ಸುಮಾರಿಗೆ ಬಕ್ಲೂ ಡ್ಯೂಕ್ ಎಸ್ಕ್‌ನ ಪಶ್ಚಿಮ ದಡದಲ್ಲಿ ನೇರ ಬೀದಿಗಳ ಹೊಸ ಲ್ಯಾಂಗಮ್ ಕಟ್ಟಿಸಿದ, ಎರಡನ್ನೂ ಜೋಡಿಸಲು ಮೂರು ಕಮಾನಿನ ಕಲ್ಲುಸೇತುವೆ ಬಂತು. ಅದರಲ್ಲಿ ಕಲ್ಲು ಕೆತ್ತಿದ ಹುಡುಗರಲ್ಲಿ ಒಬ್ಬ, ಮುಂದೆ ಹೆಸರಾಂತ ಎಂಜಿನಿಯರ್ ಆದ ಥಾಮಸ್ ಟೆಲ್ಫರ್ಡ್. ವೆಸ್ಟರ್‌ಕರ್ಕ್ ಪ್ಯಾರಿಷ್‌ನ ಗ್ಲೆಂಡಿನಿಂಗ್ ಎಂಬ ಗುಡ್ಡಗಾಡಿನ ಕುರಿಹಟ್ಟಿಯಲ್ಲಿ 1757ರ ಆಗಸ್ಟ್ 9ರಂದು ಹುಟ್ಟಿದವನು. ಅಪ್ಪ ಕುರಿಕಾಯುವವ, ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ತೀರಿಕೊಂಡ. ಪ್ಯಾರಿಷ್ ಶಾಲೆಯಲ್ಲಿ ಓದಿ, ಲ್ಯಾಂಗಮ್‌ನಲ್ಲಿ ಕಲ್ಲುಕುಟಿಗನಾಗಿ ಕಲಿತ.

ಸೇತುವೆಯ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಗುತ್ತಿಗೆದಾರ ಏಳು ವರ್ಷ ಸೇತುವೆಯ ಹೊಣೆ ಹೊತ್ತಿದ್ದ. ಒಂದು ದಿನ ಅವನು ಊರಲ್ಲಿಲ್ಲದಾಗ ನದಿಗೆ ಮಹಾಪೂರ ಬಂತು. ಅವನ ಹೆಂಡತಿ ಓಡಿಬಂದು, ಸೇತುವೆ ಹೋದರೆ ನಮ್ಮ ಮನೆ ಮುಳುಗಿತು ಎಂದು ಅಳುತ್ತ ತನ್ನ ಬೆನ್ನನ್ನೇ ಕಟ್ಟೆಗೆ ಆನಿಸಿ ನಿಂತಳಂತೆ. ಟೆಲ್ಫರ್ಡ್ ಅವಳನ್ನು ಸಮಾಧಾನ ಮಾಡಿದನಂತೆ. ಕಥೆ ಹೇಗೇ ಇರಲಿ, ಗುಡ್ಡದ ನದಿಗೆ ಸೇತುವೆ ಕಟ್ಟುವವರಿಗೆ ಅವಳ ಭಯ ಅರ್ಥವಾಗುತ್ತದೆ. ಪೂರ ಸೇತುವೆಯನ್ನು ಮೇಲಿನಿಂದ ಕೆಡವುವುದು ಕಡಿಮೆ. ಕಂಬದ ಬುಡದಲ್ಲಿ ನೀರು ಸುತ್ತಿ ಜಲ್ಲಿ ಕೊರೆದು ತಳವನ್ನೇ ಪೊಳ್ಳು ಮಾಡುತ್ತದೆ. ಒಂದು ಕಂಬ ಕುಸಿದರೆ ಅದರ ಆಸರೆಗಿದ್ದ ಎರಡೂ ಕಮಾನುಗಳು ಹೋಗುತ್ತವೆ. ಈ ಸೇತುವೆ ಇನ್ನೂ ನಿಂತಿದೆ.

ಟೆಲ್ಫರ್ಡ್ 1780ರಲ್ಲಿ ಎಡಿನ್‌ಬರೋಗೆ, ಅಲ್ಲಿಂದ ಲಂಡನ್ನಿಗೆ ಹೋದ. ಕಾಲುವೆ, ರಸ್ತೆ, 1826ರ ಮೆನಾಯ್ ತೂಗುಸೇತುವೆ, ಆ ಕಥೆ ಎಲ್ಲರಿಗೂ ಗೊತ್ತಿರುವುದೇ. 1834ರಲ್ಲಿ ಸಾಯುವಾಗ ಅವನು ತನ್ನ ಉಯಿಲಿನಲ್ಲಿ ಲ್ಯಾಂಗಮ್ ಮತ್ತು ವೆಸ್ಟರ್‌ಕರ್ಕ್ ಗ್ರಂಥಾಲಯಗಳಿಗೆ ತಲಾ ಸಾವಿರ ಪೌಂಡ್ ಬಿಟ್ಟ. ಇದರಲ್ಲಿ ವೆಸ್ಟರ್‌ಕರ್ಕ್ ಗ್ರಂಥಾಲಯದ ಹುಟ್ಟು ಸೊಗಸಾದದ್ದು. ಟೆಲ್ಫರ್ಡ್ ಹುಟ್ಟಿದ ಗ್ಲೆಂಡಿನಿಂಗ್‌ನಲ್ಲೇ ಆಂಟಿಮನಿ ಅದಿರು ಸಿಕ್ಕಿ 1793ರಲ್ಲಿ ಗಣಿ ತೆರೆಯಿತು, ಆ ಗಣಿಕೆಲಸಗಾರರ ಓದಿಗೆಂದು ಈ ಗ್ರಂಥಾಲಯ ಶುರುವಾಯಿತು. ಅಚ್ಚಿನ ಮೊಳೆಗಳಿಗೆ ಬಳಸುವ ಸೀಸ ಮೆದು. ಅದಕ್ಕೆ ಆಂಟಿಮನಿ ಬೆರೆಸಿದರೆ ಗಡಸಾಗುತ್ತದೆ, ಅಚ್ಚಿನ ಅಂಚು ಮೊಂಡಾಗದು. ಪುಸ್ತಕ ಅಚ್ಚಾಗಲು ಬೇಕಾದ ಲೋಹವನ್ನು ಅಗೆಯುತ್ತಿದ್ದವರೇ ಪುಸ್ತಕ ಕೂಡಿಟ್ಟರು. ಗಣಿ ಕೆಲವೇ ವರ್ಷ ನಡೆದು ನಿಂತಿತು, ಪುಸ್ತಕಗಳು ಕಣಿವೆಯ ಕೆಳಗಿನ ಬೆಂಟ್‌ಪಾತ್ ಎಂಬ ಹಳ್ಳಿಗೆ ಬಂದವು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಪುಸ್ತಕ ಬದಲಾಯಿಸುವುದು ತಿಂಗಳಿಗೊಮ್ಮೆ, ಹುಣ್ಣಿಮೆಯ ದಿನ. ಕುರಿಕಾಯುವವರು, ಉಳುವವರು, ಮಕ್ಕಳು ಮೈಲಿಗಟ್ಟಲೆ ದೂರದಿಂದ ಬಂದು ತಿಂಗಳಿಗಾಗುವಷ್ಟು ಪುಸ್ತಕ ಹೊತ್ತು ಬೆಳದಿಂಗಳಲ್ಲಿ ಮನೆಗೆ ಮರಳುತ್ತಿದ್ದರು. ಲ್ಯಾಂಗಮ್ ಗ್ರಂಥಾಲಯದ ಕಥೆಯೂ ಕಡಿಮೆಯದಲ್ಲ. 1892ರಲ್ಲಿ ಇಲ್ಲಿ ಹುಟ್ಟಿದ ಅಂಚೆಯವನ ಮಗ ಕ್ರಿಸ್ಟೋಫರ್ ಗ್ರೀವ್ ಅದೇ ಕಟ್ಟಡದಲ್ಲಿ ಬೆಳೆದು, ಪುಸ್ತಕಗಳನ್ನು ಬುಟ್ಟಿಗಟ್ಟಲೆ ಓದಿ, ಹ್ಯೂ ಮ್ಯಾಕ್‌ಡೈರ್ಮಿಡ್ ಎಂಬ ಹೆಸರಿನಲ್ಲಿ ಇಪ್ಪತ್ತನೇ ಶತಮಾನದ ಸ್ಕಾಟ್ಸ್ ಕಾವ್ಯದ ದೊಡ್ಡ ದನಿಯಾದ. ಊರಿನೊಂದಿಗೆ ಅವನ ಸಂಬಂಧ ಹಿತವಾಗಿರಲಿಲ್ಲ. ಆದರೂ 1978ರಲ್ಲಿ ಮಣ್ಣಾದದ್ದು ಇಲ್ಲೇ.

ವಿಟಾ ಗುಡ್ಡದ ತುದಿಯಲ್ಲಿ ನೂರಡಿಯ ಕಲ್ಲುಕಂಬವೊಂದಿದೆ, 1835ರದು. ಅದು ಸರ್ ಜಾನ್ ಮಾಲ್ಕಮ್‌ನ ಸ್ಮಾರಕ. ಕನ್ನಡ ನಾಡಿನ ಚರಿತ್ರೆ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ವೆಸ್ಟರ್‌ಕರ್ಕ್ ಪ್ಯಾರಿಷ್‌ನ ಬರ್ನ್‌ಫುಟ್ ಎಂಬಲ್ಲಿ 1769ರಲ್ಲಿ ಹುಟ್ಟಿದವನು. ಅಪ್ಪ ಕುರಿಸಾಕಣೆಯ ಗೇಣಿದಾರ, ಸಾಲದಲ್ಲಿದ್ದ, ಹದಿನೇಳು ಮಕ್ಕಳು. ಗಂಡುಮಕ್ಕಳಿಗೆ ನೌಕಾಪಡೆ, ಕಂಪನಿ ಸೈನ್ಯ ಬಿಟ್ಟರೆ ದಾರಿಯಿರಲಿಲ್ಲ. ಜಾನ್‌ಗೆ ಹನ್ನೆರಡರ ಪ್ರಾಯ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸಂದರ್ಶನದಲ್ಲಿ, ಹೈದರ್ ಅಲಿ ಎದುರಾದರೆ ಏನು ಮಾಡುತ್ತೀಯ ಎಂದು ಕೇಳಿದರಂತೆ. ಕತ್ತಿ ಹಿರಿದು ತಲೆ ತೆಗೆಯುತ್ತೇನೆ ಎಂದನಂತೆ ಹುಡುಗ, ಕೆಲಸ ಸಿಕ್ಕಿತಂತೆ. ಅವನು 1783ರಲ್ಲಿ ಮದರಾಸಿಗೆ ಬರುವ ಹೊತ್ತಿಗೆ ಹೈದರ್ ತೀರಿಕೊಂಡಾಗಿತ್ತು. ಮೈಸೂರಿಗೆ ಮಾತ್ರ ಬಂದೇ ಬಂದ. 1799ರಲ್ಲಿ ನಿಜಾಮನ ಪಡೆಯೊಂದಿಗೆ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದವರಲ್ಲಿ ಮಾಲ್ಕಮ್ ಇದ್ದ; ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಹಂಚಿ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಗೆ ತರುವ ವ್ಯವಸ್ಥೆ ಮಾಡಿದ ಆಯೋಗಕ್ಕೆ ಇಬ್ಬರು ಕಾರ್ಯದರ್ಶಿಗಳು: ಒಬ್ಬ ಥಾಮಸ್ ಮನ್ರೋ, ಇನ್ನೊಬ್ಬ ಈ ಮಾಲ್ಕಮ್. ಮುಂದೆ ಪರ್ಷಿಯಾಕ್ಕೆ ರಾಯಭಾರಿ, 1827ರಿಂದ ಬೊಂಬಾಯಿಯ ಗವರ್ನರ್. ಎಲ್ಲೆಯ ತಕರಾರಿನ ಕಣಿವೆಯಲ್ಲಿ ಹುಟ್ಟಿದವನು ಮೈಸೂರಿನ ಎಲ್ಲೆಗಳನ್ನು ಗೀಚುವ ಮೇಜಿನ ಮುಂದೆ ಕೂತ. ಹೀಗೆ ಗೀಚುವಾಗ ಇಲ್ಲಿನ ಹಳ್ಳಿಯವರನ್ನು ಯಾರೂ ಕೇಳಲಿಲ್ಲ ಎಂಬುದನ್ನು ಆ ಕಂಬದ ಬಗ್ಗೆ ಮಾತಾಡುವಾಗ ಮರೆಯಬಾರದು.

ಹತ್ತೊಂಬತ್ತನೇ ಶತಮಾನದ ಲ್ಯಾಂಗಮ್ ಉಣ್ಣೆಯ ಊರು. ಗುಡ್ಡದ ಕುರಿ, ನದಿಯ ಓಟ, ಮೆದುನೀರು ಮೂರೂ ಕೈಗೆಟುಕುವಲ್ಲಿದ್ದವು. ನೀರು ಮೆದುವಾಗಿರಬೇಕಾದ್ದಕ್ಕೆ ಕಾರಣವಿದೆ. ಗಡಸುನೀರಿನ ಸುಣ್ಣದಂಶ ಸಾಬೂನಿನೊಂದಿಗೆ ಸೇರಿ ಗಸಿಯಾಗಿ ಉಣ್ಣೆಗೆ ಅಂಟುತ್ತದೆ, ಅಂಟಿದ ಕಡೆ ಬಣ್ಣ ಹಿಡಿಯುವುದಿಲ್ಲ, ಬಟ್ಟೆ ತೇಪೆತೇಪೆಯಾಗುತ್ತದೆ. 1837ರಲ್ಲಿ ಶುರುವಾದ ರೀಡ್ ಅಂಡ್ ಟೇಲರ್ ಗಿರಣಿ ಮುಂದೆ ಸೂಟಿನ ನಯವಾದ ವರ್ಸ್ಟೆಡ್ ಬಟ್ಟೆಗೆ ಹೆಸರಾಯಿತು. ವರ್ಸ್ಟೆಡ್‌ಗೆ ಉಣ್ಣೆಯನ್ನು ಬಾಚಿ ಗಿಡ್ಡ ಎಳೆಗಳನ್ನು ಬೇರ್ಪಡಿಸಿ, ಉದ್ದದ ಎಳೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿ ನೂಲುತ್ತಾರೆ. ಹಾಸಿನ ಒಂದು ಎಳೆ ಮಗ್ಗದಲ್ಲಿ ಕ್ಷಣಕಾಲ ತುಂಡಾದರೂ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ಅದನ್ನು ಸರಿಪಡಿಸುವ ಕೆಲಸ ಹೆಚ್ಚಾಗಿ ಹೆಂಗಸರದು: ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹರಡಿ, ಬೆರಳಿಂದ ತಡವಿ ಗಂಟು ಹುಡುಕಿ, ಸೂಜಿಯಲ್ಲಿ ಅದೇ ಬಣ್ಣದ ನೂಲು ಪೋಣಿಸಿ, ಹೊಕ್ಕಿನ ಮೇಲೊಂದು ಕೆಳಗೊಂದು ಎಂದು ನೇಯ್ಗೆಯ ಲೆಕ್ಕ ತಪ್ಪದಂತೆ ಕಳೆದ ಎಳೆಯನ್ನು ಮತ್ತೆ ಕೂಡಿಸುವುದು. ಗಿರಣಿಯಲ್ಲಿ ಕಣ್ಣು ಬೇಗ ಸೋಲುವ ಕೆಲಸ ಅದು.

1864ರಲ್ಲಿ ರೈಲು ಬಂತು. 1881ರ ಹೊತ್ತಿಗೆ ಜನಸಂಖ್ಯೆ ನಾಲ್ಕು ಸಾವಿರ ದಾಟಿತ್ತು, ಇಂದಿನದಕ್ಕಿಂತ ಬಹಳ ಹೆಚ್ಚು. 1964ರಲ್ಲಿ ಪ್ರಯಾಣಿಕರ ರೈಲು ನಿಂತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, 2013ರಲ್ಲಿ ರೀಡ್ ಅಂಡ್ ಟೇಲರ್‌ನ ಲ್ಯಾಂಗಮ್ ಗಿರಣಿಯೂ. ಅದೇ ಹೆಸರಿನ ಸೂಟ್ ಬಟ್ಟೆ ಭಾರತದಲ್ಲಿ ತಯಾರಾಗುತ್ತಿದ್ದದ್ದು ಮೈಸೂರು–ನಂಜನಗೂಡು ನಡುವಿನ ತಾಂಡವಪುರದ ಕಡೆಯ ಗಿರಣಿಯಲ್ಲಿ. ಆ ಭಾರತೀಯ ಕಂಪನಿಯೂ ಸಾಲದ ಹೊರೆಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಎಸ್ಕ್ ದಡದ ನೇಕಾರರಿಗೂ ಕಪಿಲೆಯ ಸೀಮೆಯ ಕಾರ್ಮಿಕರಿಗೂ ಬಂದ ಕಷ್ಟ ಒಂದೇ ಬಗೆಯದು.

ನಡುವೆ, ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 1972ರ ಮಾರ್ಚ್ 11ರಂದು ತನ್ನ ಮನೆತನದ ಊರೆಂದು ಇಲ್ಲಿಗೆ ಬಂದಿದ್ದರು. ಆರ್ಮ್‌ಸ್ಟ್ರಾಂಗ್ ಮನೆತನದವರು ಸಿಕ್ಕರೆ ನೇಣು ಹಾಕಬೇಕೆಂಬ ನಾನೂರು ವರ್ಷದ ಹಳೆಯ ಕಾನೂನನ್ನು ಅವರೆದುರೇ ಓದಿ ಹೇಳಿ, ಆಮೇಲೆ ಪಟ್ಟಣದ ಗೌರವ ಪೌರತ್ವ ಕೊಟ್ಟರು.

ಉಣ್ಣೆ ಹೋದ ಮೇಲೆ ಉಳಿದದ್ದು ಗುಡ್ಡ. ಗುಡ್ಡದ ಆದಾಯ ಗ್ರೌಸ್ ಎಂಬ ಕಾಡುಕೋಳಿಯ ಬೇಟೆಯಿಂದ. ಗ್ರೌಸ್‌ಗೆ ಹೆದರ್ ಬೇಕು. ಹೆದರ್‌ನ ಎಳೆಚಿಗುರೇ ಅದರ ಆಹಾರ. ಇಪ್ಪತ್ತನೇ ಶತಮಾನದ ನಡುವಿನಿಂದ ಕುರಿ ಹೆಚ್ಚು ಮೇದು ಲ್ಯಾಂಗಮ್ ಬಯಲಿನ ಹೆದರ್ ಸುಮಾರು ಅರ್ಧಕ್ಕಿಳಿದು ಹುಲ್ಲು ಹಬ್ಬಿತು. ಹುಲ್ಲು ಬಂದಲ್ಲಿ ವೋಲ್ ಎಂಬ ಗಿಡ್ಡಬಾಲದ ಇಲಿ, ಪಿಪಿಟ್ ಹಕ್ಕಿಗಳು ಹೆಚ್ಚಿದವು. ಅವನ್ನು ತಿನ್ನಲು ಹೆನ್ ಹ್ಯಾರಿಯರ್ ಎಂಬ, ಸೆಳೆವ ಜಾತಿಯ ಬೇಟೆಹಕ್ಕಿ ಬಂತು, ಮರಿ ಸಾಕುವ ಕಾಲದಲ್ಲಿ ಅದು ಗ್ರೌಸ್ ಮರಿಗಳನ್ನೂ ಎತ್ತಿತು. 1992ರಿಂದ 1997ರವರೆಗೆ ಇಲ್ಲಿ ನಡೆದ ಅಧ್ಯಯನದಲ್ಲಿ ಸೆಳೆವಗಳನ್ನು ಯಾರೂ ಕೊಲ್ಲದಂತೆ ಕಾದಾಗ ಮೊಟ್ಟೆಯಿಡುವ ಹೆಣ್ಣುಗಳು 2ರಿಂದ 20ಕ್ಕೆ ಏರಿದವು. ಬೇಟೆ ನಿಂತೇ ಹೋಯಿತು. ತಪ್ಪು ಸೆಳೆವದ್ದೆಂದು ಬೇಟೆಯವರು ಹೇಳಿದರು. ಆದರೆ ಸರಪಳಿಯ ಮೊದಲ ಕೊಂಡಿ ಕುರಿ ಮತ್ತು ಹುಲ್ಲು. 2008ರಿಂದ ಮತ್ತೊಂದು ಪ್ರಯೋಗ: ಕುರಿ ಇಳಿಸಿ ಹೆದರ್ ಬೆಳೆಸುವುದು, ಗೂಡಿನ ಹತ್ತಿರದ ಕಂಬಗಳ ಮೇಲೆ ಸತ್ತ ಕೋಳಿಮರಿ, ಇಲಿ ಇಟ್ಟು ಸೆಳೆವಕ್ಕೆ ಉಣಿಸುವುದು. ಸೆಳೆವಗಳು ಇಟ್ಟದ್ದನ್ನು ತಿಂದವು, ಹೆದರ್ ಚೇತರಿಸಿತು, ಆದರೂ ಬೇಟೆಗೆ ಸಾಲುವಷ್ಟು ಗ್ರೌಸ್ ಆಗಲಿಲ್ಲ.

2019ರಲ್ಲಿ ಬಕ್ಲೂ ಎಸ್ಟೇಟ್ ಈ ಬಯಲನ್ನು ಮಾರಲು ಹೊರಟಿತು. ಲ್ಯಾಂಗಮ್ ಇನಿಶಿಯೇಟಿವ್ ಎಂಬ ಊರಿನ ಸಂಸ್ಥೆ ಸಾರ್ವಜನಿಕರಿಂದ ಚಂದಾ, ಸ್ಕಾಟಿಷ್ ಲ್ಯಾಂಡ್ ಫಂಡ್ ಮತ್ತು ದಾನಿಗಳ ಹಣ ಕೂಡಿಸಿ 2021ರ ಮಾರ್ಚ್‌ನಲ್ಲಿ 38 ಲಕ್ಷ ಪೌಂಡಿಗೆ 5,200 ಎಕರೆ ಕೊಂಡಿತು. ಮರುವರ್ಷ 22 ಲಕ್ಷ ಪೌಂಡಿಗೆ ಇನ್ನೂ 5,300 ಎಕರೆ. ಆ ನೆಲ ಈಗ ಟ್ಯಾರಸ್ ಕಣಿವೆ ನಿಸರ್ಗಧಾಮ, ಊರಿನ ಆಸ್ತಿ.

ಕೊಂಡ ಮೇಲೆ ಕೆಲಸ ಶುರುವಾಗುತ್ತದೆ. ದೇಸಿ ಮರ ಬೆಳೆಸಬೇಕು, ಜೌಗನ್ನು ಮತ್ತೆ ಜೌಗು ಮಾಡಬೇಕು. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಮೇವಿಗೆಂದು ತೋಡಿದ ಬಸಿಗಾಲುವೆಗಳು ಪೀಟನ್ನು ಒಣಗಿಸುತ್ತವೆ. ಒಣಗಿದ ಪೀಟ್ ಗಾಳಿಗೆ ತೆರೆದುಕೊಂಡು ಕೊಳೆತು ಇಂಗಾಲ ಬಿಡುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ. ಅದಕ್ಕೆ ಮದ್ದು ಕಾಲುವೆಗೆ ಅಲ್ಲಲ್ಲಿ ಪೀಟಿನದೇ ಒಡ್ಡು ಹಾಕುವುದು. ಒಡ್ಡಿನ ಪೀಟ್ ಕೆಳಗಿನ ಒದ್ದೆ ಪದರದ್ದೇ ಆಗಬೇಕು. ಮೇಲಿನ ಒಣಪುಡಿ ನೀರು ಹಿಡಿಯದು. ಒಡ್ಡನ್ನು ಕಾಲುವೆಯ ತಳಕ್ಕೂ ಎರಡು ಬದಿಗೂ ಕೊರೆದು ಕೂರಿಸಬೇಕು, ಇಲ್ಲವಾದರೆ ನೀರು ಪಕ್ಕದಿಂದ ನುಸುಳಿ ಮೊದಲ ಮಳೆಗಾಲದಲ್ಲೇ ಅದನ್ನು ಕಿತ್ತೊಯ್ಯುತ್ತದೆ. ಪೀಟ್ ಇಳಿಯುವುದರಿಂದ ನೆಲಮಟ್ಟಕ್ಕಿಂತ ಒಂದಿಷ್ಟು ಎತ್ತರಿಸಿ, ಮೇಲೆ ಜೀವಂತ ಹುಲ್ಲುಹೆಂಟೆ ಮುಚ್ಚಬೇಕು, ಬಿಸಿಲಿಗೆ ಬಿರುಕು ಬಿಡದ ಹಾಗೆ. ಇಳಿಜಾರು ಹೆಚ್ಚಿದ್ದಷ್ಟೂ ಒಡ್ಡುಗಳು ಹತ್ತಿರ ಹತ್ತಿರ: ಕೆಳಗಿನ ಒಡ್ಡಿನ ಹಿಂದೆ ನಿಂತ ನೀರು ಮೇಲಿನ ಒಡ್ಡಿನ ಬುಡ ಮುಟ್ಟುವಂತಿರಬೇಕು. ನೀರು ನಿಂತಲ್ಲಿ ಮೊದಲು ಸ್ಫ್ಯಾಗ್ನಮ್ ಪಾಚಿ ಬರುತ್ತದೆ; ಪೀಟ್ ಮತ್ತೆ ಕಟ್ಟಿಕೊಳ್ಳುವುದು ಅದರಿಂದಲೇ, ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್‌ನಂತೆ.